ಕಿಟಕಿ ಪಕ್ಕದ ಸ್ವಿಚ್ಚು

ಅಪ್ಪಾ,

ಜೀವ ಕೈಯಲ್ಲಿ ಹಿಡಿದುಕೊಂಡು ಬೇಕರಿ ಕೆಲಸಕ್ಕೆ ಹೊರಟಿದ್ದೇನೆ. ಎದ್ದ ಕೂಡಲೇ ಮೊದಲು ಇದನ್ನು ಓದು.

ತರಕಾರಿ ತೊಳೆದ ನೀರು ಚೆಲ್ಲಿಲ್ಲ, ನಿನ್ನ ಹೂಕುಂಡಗಳಿಗೆಂದು ಬಕೆಟ್ಟಿನಲ್ಲಿ ಇಟ್ಟಿದ್ದೇನೆ. ಸೋರುವ ನಲ್ಲಿಯ ಕೆಳಗೆ ಚೊಂಬು ಇದೆ. ಹಾಲಿನ ಕವರುಗಳನ್ನೂ ತೊಳೆದು ಒಣಹಾಕಿದ್ದೇನೆ, ಇನ್ನು ಅದಕ್ಕೆ ಗೊಣಗಬೇಡ. ದೀಪ, ಫ್ಯಾನು, ಟಿವಿ ಏನು ಬೇಕಾದರೂ ಆರಿಸು, ನಾನು ತುಟಿ ಪಿಟಕ್ಕೆನ್ನುವುದಿಲ್ಲ.

ಆದರೆ ಅಮ್ಮನ ಕೋಣೆಯ ಕಿಟಕಿ ಪಕ್ಕದ ಸ್ವಿಚ್ಚಿಗೆ ಮಾತ್ರ ಕೈ ಹಾಕಬೇಡ, ನಿನ್ನ ದಮ್ಮಯ್ಯ. ಅವಳ ಆಕ್ಸಿಜನ್ ಮಿಷನ್ನು ಓಡುವುದು ಅದರಲ್ಲೇ. ಯಾವ ಕೋಣೆಯಿಂದ ಹೊರಬಂದರೂ ಸ್ವಿಚ್ಚುಗಳನ್ನೆಲ್ಲ ಸವರಿಕೊಂಡು ಬರುವುದು ನಿನ್ನ ಕೈಗೆ ಅಂಟಿದ ಚಾಳಿ; ನಿನಗೆ ಗೊತ್ತೂ ಆಗುವುದಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅಂತ ಅಮ್ಮ ನಗುತ್ತಾಳೆ. ನನಗೆ ನಗು ಬರುತ್ತಿಲ್ಲ. ಅದಕ್ಕೇ ಅದರ ಮೇಲೆ ಟೇಪು ಅಂಟಿಸಿ, ಅಮ್ಮನ ಕರ್ಚೀಫು ನೇತುಹಾಕಿದ್ದೇನೆ. ಕೈಗೆ ಬಟ್ಟೆ ತಗುಲಿದರೆ ಅಲ್ಲೇ ನಿಲ್ಲು.

ನಿನ್ನೆ ಸಂಜೆ ನಾನು ಬಂದಾಗ ಮಿಷನ್ನು ನಿಂತಿತ್ತು, ಅವಳ ತುಟಿ ನೀಲಿಯಾಗಿತ್ತು. ಕೂಗಲು ಉಸಿರೇ ಇರಲಿಲ್ಲ; ನಾನು ಓಡಿಹೋಗಿ ಮಿಷನ್ನು ಹಾಕಿದೆ. ನೀನು ಕುಂಡಕ್ಕೆ ನೀರು ಹಾಕಿ ಒಳಗೆ ಬಂದಾಗ, "ಕರೆಂಟು ಹೋಗಿತ್ತು ಕಣ್ರೀ" ಅಂದಳು. ನೀನು ನಂಬಿದೆ. ಆಮೇಲೆ ನನ್ನ ಕೈ ಹಿಡಿದು, "ಅವರಿಗೆ ಹೇಳ್ಬೇಡ್ವೇ, ಎದೆ ಒಡ್ಕೊಂಡ್ಬಿಡ್ತಾರೆ" ಅಂದಳು.

ಹೇಳದೆ ಹೊರಡಲು ನನಗೆ ಧೈರ್ಯ ಸಾಲುತ್ತಿಲ್ಲ. ನಾನು ಬಂದಾಗ ಅಡುಗೆಮನೆಯಲ್ಲಿ ಫ್ರಿಜ್ಜು ಗುರ್ ಎನ್ನುತ್ತಲೇ ಇತ್ತು. ಅಪ್ಪಾ, ನಿನ್ನೆ ಕರೆಂಟು ಹೋಗಿರಲಿಲ್ಲ.