ಸಾಲ ಬಿಟ್ಟವರಿಗೆ ಒಂದು ಕುರಿ

ಕೊಲ್ಪಾನಿ, ಬೊಲಿವಿಯಾ
೨೦ ಜುಲೈ ೨೦೦೩

ನನ್ನ ಮುದ್ದು ನಿಯೆವೆಸ್,

ಹೇಗಿದ್ದೀಯೆ ಮಗಳೇ? ಆರನೆಯ ತಿಂಗಳಲ್ಲವೇ, ಕಾಲು ಬಾತಿದೆಯೇ? ಬ್ಯೂನಸ್ ಐರಿಸ್‌ನ ಆ ಹೊಲಿಗೆ ಅಂಗಡಿಯಲ್ಲಿ ದಿನವಿಡೀ ಕೂತಿರಬೇಡ, ನಡುನಡುವೆ ಎದ್ದು ಓಡಾಡು. ಹೆರಿಗೆ ಅಲ್ಲೇ ಆಗಲಿ ಎಂದು ನೀನು ಬರೆದದ್ದು ಓದಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ. ನಿನ್ನ ಚಿಕ್ಕಮ್ಮ ಹೆರಿಗೆ ನೋವಿನಲ್ಲಿ ಪೇಟೆಯ ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ತೀರಿಕೊಂಡಳು, ಅಂದಿನಿಂದ ನಿನಗೆ ಈ ಊರೆಂದರೆ ಭಯ. ನನಗೆ ಅರ್ಥವಾಗುತ್ತದೆ.

ಆದರೆ ಊರು ಈಗ ಹಾಗಿಲ್ಲ. ಹೊರದೇಶದವರು ನಮ್ಮ ದೇಶದ ಸಾಲವನ್ನು ಒಂದಿಷ್ಟು ಬಿಟ್ಟುಕೊಟ್ಟರಲ್ಲ, ಅವರಿಗೆ ಕಟ್ಟಬೇಕಿದ್ದ ಹಣದಲ್ಲಿ ನಮ್ಮ ಊರಿಗೂ ಪಾಲು ಬಂತು. ಮೇಯರಿಗೆ ಚೌಕದಲ್ಲಿ ಕಾರಂಜಿ ಕಟ್ಟಿಸುವ ಆಸೆ. ಕುಡಿಯುವ ನೀರಿಗೇ ಗತಿಯಿಲ್ಲದ ಊರಿಗೆ ಕಾರಂಜಿಯಂತೆ! ನಾವು ಹೆಂಗಸರು ಸಭೆಯಲ್ಲಿ ಪಟ್ಟು ಹಿಡಿದು ಹೆರಿಗೆ ಕೋಣೆ ಕಟ್ಟಿಸಿದೆವು. ನರ್ಸ್ ಕೂಡ ಬಂದಿದ್ದಾಳೆ. ನಮ್ಮ ಅಯ್ಮಾರಾ ಭಾಷೆಯನ್ನೇ ಆಡುತ್ತಾಳೆ.

ನಿನ್ನ ಅಜ್ಜನ ಗೆಳೆಯ ದೋನ್ ಸಾತುರ್ನಿನೋನ ತಾಪತ್ರಯವೇ ಬೇರೆ. ಇಂದು ನನ್ನ ಹೊಲಕ್ಕೆ ನೀನು ದುಡಿದರೆ ನಾಳೆ ನಿನ್ನ ಹೊಲಕ್ಕೆ ನಾನು ಎನ್ನುವ ಐನಿ ಪದ್ಧತಿಯಲ್ಲೇ ಮುದುಕಪ್ಪ ಬೆಳೆದದ್ದು. ಸಾಲ ಬಿಟ್ಟವರಿಗೆ ನಾವೂ ಏನಾದರೂ ಕೊಡದಿದ್ದರೆ ಊರಿನ ಮರ್ಯಾದೆ ಉಳಿಯುವುದಿಲ್ಲವೆಂದು ಒಂದು ಕುರಿ ಹೊಡೆದುಕೊಂಡು ಮೇಯರ್ ಕಚೇರಿಗೆ ಹೋದ. ಅವರಿಗೆ ತಲುಪಿಸಿಬಿಡಿ ಎಂದನಂತೆ. ಗುಮಾಸ್ತ ನಕ್ಕು, ಅವರಿಗೆ ಏನೂ ಬೇಡ ತಾತ ಎಂದ. ಮುದುಕಪ್ಪನ ಮುಖ ಸಪ್ಪಗಾಯಿತು. "ಏನೂ ಬೇಡ ಅಂದ್ರೆ, ನಾವು ಅವ್ರ ಸರೀಕರು ಅಂತ ಅವ್ರು ಲೆಕ್ಕಕ್ಕೇ ತಗೊಂಡಿಲ್ಲ ಬಿಡಪ್ಪ," ಎಂದು ಕುರಿಯನ್ನು ವಾಪಸ್ ಹೊಡೆದುಕೊಂಡು ಬಂದ. ನಾನು ಮೊದಲು ನಕ್ಕೆ, ಆಮೇಲೆ ಯಾಕೋ ಬೇಜಾರಾಯಿತು. ಸರ್ಕಾರ ಆಗಲೇ ಹೊಸ ಸಾಲಕ್ಕೆ ಕೈಚಾಚಿದೆಯಂತೆ. ಹೊರೆ ಹೆಚ್ಚಾದರೆ ಲಾಮಾ ಕೂಡ ದಾರಿಯಲ್ಲೇ ಕೂತುಬಿಡುತ್ತದೆ, ಹೊಡೆದರೂ ಏಳುವುದಿಲ್ಲ.

ಭೂತಾಯಿ ಪಚಮಾಮ ನಿನ್ನನ್ನೂ ಹೊಟ್ಟೆಯಲ್ಲಿರುವ ಕೂಸನ್ನೂ ತಣ್ಣಗಿಟ್ಟಿರಲಿ. ಅಳಿಯನಿಗೆ ಹೊತ್ತಿಗೆ ಸರಿಯಾಗಿ ಉಣ್ಣಲು ಹೇಳು.

ನಿನ್ನ ಅಮ್ಮ
ಫೆಲಿಸಾ

ತಾ.ಕ.: ಕಾಗದ ಒಯ್ಯುವ ಬಸ್ಸು ಹೊರಡುತ್ತಿದೆ, ಬೇಗ ಬರೆಯುತ್ತೇನೆ. ಆ ಹೆರಿಗೆ ಕೋಣೆಗೆ ಇನ್ನೂ ಒಬ್ಬಳೂ ಹೋಗಿಲ್ಲ. ಕಬ್ಬಿಣದ ಮಂಚ ಕಂಡರೆ ಎಲ್ಲರಿಗೂ ಹೆದರಿಕೆ. ಕ್ರಿಸ್‌ಮಸ್ ಒಳಗೆ ಒಂದಾದರೂ ಹೆರಿಗೆ ಆಗದಿದ್ದರೆ ನರ್ಸನ್ನು ಬೇರೆ ಊರಿಗೆ ಹಾಕುತ್ತಾರಂತೆ. ಮೊದಲು ಯಾರು ಹೋಗುತ್ತೀರಿ ಎಂದು ಸಭೆಯಲ್ಲಿ ಕೇಳಿದಾಗ ಎಲ್ಲರೂ ನೆಲ ನೋಡಿದರು. ನಾನು ಎದ್ದು, "ನನ್ ಮಗಳು ಬರ್ತಾಳೆ," ಅಂದುಬಿಟ್ಟೆ. ಊರಿಗಾಗಿ ಹಾಗೆಂದೆ ಎಂದು ಎಲ್ಲರೂ ಹೊಗಳುತ್ತಿದ್ದಾರೆ. ಊರಿಗಾಗಿ ಅಲ್ಲ. ನಿನಗೆ ನೋವು ಬಂದಾಗ ಕೈ ಹಿಡಿದುಕೊಳ್ಳಲು ನಾನು ಪಕ್ಕದಲ್ಲಿರಬೇಕು. ಬೈಯುವುದಿದ್ದರೆ ಕಾಗದದಲ್ಲಿ ಬೈಯಬೇಡ, ಬಂದು ಬೈ.