ನಲವತ್ತು ಅಕ್ಷರದ ಪಟ್ಟಿ

ಸ್ಟುಟ್‌ಗಾರ್ಟ್
೧೪ ನವೆಂಬರ್ ೧೯೯೪

ಅಮ್ಮಾ,

ಮೊದಲು, ಬರೆಯುತ್ತಿರುವುದಕ್ಕೇ ಕ್ಷಮೆ ಕೇಳಿಬಿಡುತ್ತೇನೆ. ಅಪ್ಪನ ವಿಷಯ ನಿನಗೆ ಬರೆಯಬಾರದೆಂದು ನೀನೂ ಹೇಳಿದ್ದೆ, ಅಪ್ಪನೂ ಹೇಳಿದ್ದಾನೆ. ನೀವಿಬ್ಬರೂ ಒಪ್ಪಿಕೊಂಡ ಮಾತು ಅದೊಂದೇ ಇರಬೇಕು, ಅದನ್ನೂ ನಾನೇ ಮುರಿಯುತ್ತಿದ್ದೇನೆ. ನಾಡಿದ್ದು ಗಣಿತದ ಟೆಸ್ಟ್. ಪುಸ್ತಕ ತೆರೆದರೆ ಒಂದಕ್ಷರ ತಲೆಗೆ ಹತ್ತುತ್ತಿಲ್ಲ. ಇದನ್ನು ಬರೆದು ಅಂಚೆಗೆ ಹಾಕಿದರಾದರೂ ಓದಿಯೇನು.

ಕೊಂಟೋರ್ ಭಾಷೆಯ ನಿಯಮ ತೀರ್ಮಾನಿಸುವ ನಿಮ್ಮ ಸಮಿತಿಯಲ್ಲಿ ಇಬ್ಬರು ಪರ, ಇಬ್ಬರು ವಿರೋಧ, ನಿನ್ನ ಮತ ಒಂದೇ ಬಾಕಿ ಎಂದು ಗೊತ್ತಾಯಿತು. ಗೋದಾಮು, ಸಗಟು ಅಂಗಡಿ, ಬಿಯರ್ ಕಾರ್ಖಾನೆಗಳ ಲೆಕ್ಕ ನೋಡಿಕೊಳ್ಳುವ ಹಳೆಯ ಕಂಪ್ಯೂಟರ್ ಭಾಷೆ ಅದು. 'ಮೊತ್ತ = ಮೊತ್ತ + ತೆರಿಗೆ' ಎಂದು ಉದ್ದಕ್ಕೆ ಬರೆಯುವ ಬದಲು 'ಮೊತ್ತ += ತೆರಿಗೆ' ಎಂದು ಗಿಡ್ಡಕ್ಕೆ ಬರೆಯಲು ಬಿಡಿ ಎಂದು ಒಂದು ಕಂಪನಿ ಕೇಳಿದೆ. ಮತ ಹಾಕುವ ಮೊದಲೇ ನೀನು ಸಮಿತಿಯ ಸುತ್ತೋಲೆಯಲ್ಲಿ ಕೊಟ್ಟ ಉತ್ತರ ನನಗೆ ಬಾಯಿಪಾಠವಾಗಿದೆ: "ಈ ಭಾಷೆಯನ್ನು ಬಾಯಿಬಿಟ್ಟು ಓದಿದರೆ ಅಂಗಡಿಯ ಗುಮಾಸ್ತನಿಗೂ ಅರ್ಥವಾಗಬೇಕು. ಸೋಮಾರಿ ಬೆರಳುಗಳಿಗಾಗಿ ಅದನ್ನು ಕೆಡಿಸಲು ನಾನು ಒಪ್ಪಲಾರೆ."

ಆ ಅರ್ಜಿ ಬರೆದದ್ದು ಅಪ್ಪ, ಅಮ್ಮಾ. ಕೆಳಗೆ ಕಂಪನಿಯ ಹೆಸರಷ್ಟೇ ಇದೆ. ಸೋಮಾರಿ ಬೆರಳುಗಳು ಅವನವು.

ನೀನು ಬಿಟ್ಟುಹೋಗುವಾಗ ಅವನ ಮೇಜಿನ ಮೇಲೆ ಬ್ರೈಲ್ ಪಟ್ಟಿ ಇರಲಿಲ್ಲ, ಪಕ್ಕದಲ್ಲಿ ನೀನಿದ್ದೆ. ಕಣ್ಣಿಲ್ಲದ ಪ್ರೋಗ್ರಾಮರನಿಗೆ ಪರದೆಯ ಮೇಲಿನದನ್ನು ಓದಿ ಹೇಳುವ ಕೆಲಸಕ್ಕೆ ಇಂಗ್ಲೆಂಡಿನಿಂದ ಬಂದವಳು, ಸಾಲು ಸಾಲು ಓದುತ್ತ ಅವನನ್ನೇ ಮದುವೆಯಾದೆ. ಈಗ ನಿನ್ನ ಜಾಗದಲ್ಲಿ ಆ ಪಟ್ಟಿ. ಸೂಜಿಮೊನೆಯಂಥ ಚುಕ್ಕೆಗಳು ಎದ್ದು ಬೆರಳಿಗೆ ತಾಗುತ್ತವೆ. ಒಂದು ಸಲಕ್ಕೆ ನಲವತ್ತೇ ಅಕ್ಷರ. ನಮ್ಮ ಜರ್ಮನರಿಗೋ ಪದಕ್ಕೆ ಪದ ಅಂಟಿಸುವ ಚಟ, ಕೊಂಟೋರಿನಲ್ಲಿ ಒಂದೊಂದು ಹೆಸರೇ ಮೂವತ್ತು ಅಕ್ಷರ ನುಂಗುತ್ತದೆ. ಅದನ್ನು ಎರಡು ಸಲ ಬರೆದರೆ ಎರಡನೆಯದು ಪಟ್ಟಿಯಾಚೆಗೆ ಬೀಳುತ್ತದೆ. ಗುಂಡಿ ಒತ್ತಿ ಮುಂದಕ್ಕೆ ಸರಿಸಿದರೆ ಮೊದಲನೆಯದು ಬೆರಳಡಿಯಿಂದ ಮಾಯ.

ಹೋದ ವಸಂತದಲ್ಲಿ ಆದದ್ದು ಅದೇ. ಬಿಯರ್ ಕಾರ್ಖಾನೆಗೆ ವಾಪಸು ಬಂದ ಖಾಲಿ ಬಾಟಲಿಗಳ ಲೆಕ್ಕ. ನಗದು ಗಿರಾಕಿಗೊಂದು ಹೆಸರು, ಉದ್ರಿ ಗಿರಾಕಿಗೊಂದು. ಎರಡೂ ಕೊನೆಯ ತುಣುಕಿನವರೆಗೆ ಒಂದೇ. ಅಪ್ಪ ಮೇಲಿನ ಸಾಲನ್ನೇ ನಕಲು ಮಾಡಿ ಎಡಗಡೆಯ ಹೆಸರು ತಿದ್ದಿದ, ಬಲಗಡೆಯದು ಹಳೆಯದೇ ಉಳಿಯಿತು. ಊರಿನ ಪಾನಗೃಹಗಳಿಗೆಲ್ಲ ಯಾರದೋ ಬಾಟಲಿಗಳ ಲೆಕ್ಕ ಹೋಯಿತು. ಗಿಡ್ಡ ಚಿಹ್ನೆ ಇದ್ದಿದ್ದರೆ ಹೆಸರು ಬರೆಯುವುದೇ ಒಂದು ಸಲ. ತಪ್ಪಲು ಎರಡನೆಯದು ಎಲ್ಲಿರುತ್ತಿತ್ತು?

ಅವನ ಜೊತೆ ಕೆಲಸ ಮಾಡುವ ನೇಗೆಲೆ ಮೇಡಂ ನನಗೆ ಬೇರೆಯೇ ಹೇಳಿದರು. "ಕಣ್ಣಿರೋ ನಮ್ಮ ಹುಡುಗರು ವಾರಕ್ಕೊಂದ್ಸಲ ಇದೇ ತಪ್ಪು ಮಾಡ್ತಾರೆ ಕಣೇ. ಅವರನ್ಯಾರೂ ಫೋನ್ ಎತ್ತೋಕೆ ಕೂರಿಸಲ್ಲ!"

ಹೌದು, ಫೋನು. ಯಜಮಾನ ಸ್ಟಾಯ್‌ಬ್ಲೆ ಅಪ್ಪನನ್ನು ಕರೆದು ಬಲು ಮೃದುವಾಗಿ ಹೇಳಿದನಂತೆ: "ನಿಮ್ಮ ತಪ್ಪಲ್ಲ ಬಿಡಿ, ಹಾರ್ಟ್‌ಲಾಬ್. ಟೆಲಿಫೋನ್ ಮೇಜಲ್ಲಿ ಈ ತಾಪತ್ರಯ ಇರಲ್ಲ ನೋಡಿ. ನಿಮ್ಮ ದನೀನೂ ಚೆನ್ನಾಗಿದೆ." ಭಾಷೆಯ ಹೊಸ ಆವೃತ್ತಿಗೆ ಆ ಚಿಹ್ನೆ ಬಂದರೆ ಈಗಿನ ಕುರ್ಚಿ, ಬರದಿದ್ದರೆ ಜನವರಿಯಿಂದ ಟೆಲಿಫೋನ್ ಮೇಜು. ಆಮೇಲೆ ನೀನು ಸಮಿತಿಯ ಕೆಲಸಕ್ಕೆಂದು ಕಂಪನಿಗೆ ಫೋನ್ ಮಾಡಿದರೆ "ನಮಸ್ಕಾರ, ಯಾರು ಬೇಕಿತ್ತು?" ಎನ್ನುವವನು ಅವನೇ.

ಭಾನುವಾರ ಬೇಳೆ, ಷ್ಪೆಟ್ಸ್‌ಲೆ ಶಾವಿಗೆ ಬಡಿಸಿಕೊಂಡು ಕೂತಾಗ ಮೆಲ್ಲಗೆ ಕೇಳಿದೆ, "ಅಮ್ಮಂಗೆ ಒಂದು ಮಾತು ಬರೀಲಾ?"

"ಬರೆದ್ರೆ ಈ ಮನೆ ಕಡೆ ತಲೆ ಹಾಕ್ಬೇಡ. ನಂಗೆ ಅವಳ ಮತ ಬೇಕು, ಅವಳ ಕನಿಕರ ಬೇಡ."

"ಇದ್ರೆ ತಾನೇ ಕೊಡೋಕೆ?" ಅಂದೆ. ಅಪ್ಪ ನಕ್ಕ. ಆಮೇಲೆ ಇಬ್ಬರಿಗೂ ಊಟ ಸೇರಲಿಲ್ಲ.

ಅವನಿಗೆ ಬೇಡವಾದದ್ದನ್ನು ನಾನೂ ಕೇಳುವುದಿಲ್ಲ. ಚಿಹ್ನೆಯಿಂದ ಭಾಷೆ ನಿಜವಾಗಿ ಕೆಡುತ್ತದೆ ಎನ್ನಿಸಿದರೆ ಬೇಡವೆಂದೇ ಮತ ಹಾಕು. ಆದರೆ ಗುಮಾಸ್ತನ ಹೆಸರು ಹೇಳಬೇಡ. ಯಾವ ಗುಮಾಸ್ತನೂ ಇದನ್ನು ಓದಿಲ್ಲ. ಚಿಕ್ಕವಳಿದ್ದಾಗ ನನ್ನನ್ನು ಯಾರ್ಕ್‌ಶೈರಿನ ಹಾಸ್ಟೆಲ್ಲಿಗೆ ಹಾಕಿದಾಗಲೂ ನೀನು "ನಿನ್ನ ಒಳ್ಳೇದಕ್ಕೇ" ಅಂದಿದ್ದೆ. ಬೇರೆಯವರ ಒಳ್ಳೆಯದು ನಿನಗೆ ಯಾವಾಗಲೂ ಚೆನ್ನಾಗಿ ಗೊತ್ತು. ಈ ಭಾಷೆಯನ್ನು ಬಾಯಿಬಿಟ್ಟು ಓದಿದವಳು ನೀನೊಬ್ಬಳು, ಕೇಳಿದವನು ಅವನೊಬ್ಬ. ಆ ಉದ್ದುದ್ದ ಸಾಲುಗಳಲ್ಲಿ ನೀನು ಕಾಪಾಡುತ್ತಿರುವುದು ಭಾಷೆಯನ್ನಲ್ಲ ಎಂದು ನನಗೆ ಅನುಮಾನ. ಮನೆ ಬಿಟ್ಟು ಹೋದವಳು ಬೀಗದ ಕೈಯನ್ನು ಹಿಂದಿರುಗಿಸದೆ ಇಟ್ಟುಕೊಂಡ ಹಾಗಿದೆ ಇದು. ಒಳಗಿರುವವನು ಹೊರಗೆ ಬರುವುದು ಹೇಗೆ?

ಬರೆದದ್ದನ್ನು ಓದಿದರೆ ನನಗೇ ಹೆದರಿಕೆಯಾಗುತ್ತಿದೆ. ಇನ್ನೊಮ್ಮೆ ಓದಿದರೆ ಹರಿದುಹಾಕುತ್ತೇನೆ, ಆದ್ದರಿಂದ ಓದುವುದಿಲ್ಲ.

ಇಂತು,
ನಿನ್ನ ಮಗಳೇ ಆದ,
ಟಿಲ್ಡಾ

ಮರೆತದ್ದು: ಚಿಹ್ನೆ ಯಾಕೆ, ಶನಿವಾರ ಭಾನುವಾರ ನಾನೇ ಬಂದು ಓದಿ ಹೇಳುತ್ತೇನೆ ಎಂದು ಅಪ್ಪನಿಗೆ ಹೇಳಿ ನೋಡಿದೆ. ಪರದೆಯ ಮುಂದೆ ಕೂತು ಓದಿಯೂ ಓದಿದೆ. ಎರಡು ಸಾಲು ಆಗುವಷ್ಟರಲ್ಲಿ ಅಪ್ಪ ಕೈ ಎತ್ತಿದ. ನನ್ನ ಜರ್ಮನ್ ಉಚ್ಚಾರ ಸರಿಯಿಲ್ಲವೇನೋ ಅಂದುಕೊಂಡೆ. "ಅದಲ್ಲ. ಸಾಲಿನ ಕೊನೇಲಿ ನೀನು ಅವಳ ಥರಾನೇ ಉಸಿರು ತಗೋತೀಯ. ನಿಲ್ಲಿಸು, ನನ್ನ ಕೈಲಿ ಕೇಳೋಕಾಗಲ್ಲ" ಅಂದ. ಆದ್ದರಿಂದ ಮನೆಗೆ ಫೋನ್ ಮಾಡಬೇಡ, ಎತ್ತುವವನು ಅವನು. ಸ್ಟುಟ್‌ಗಾರ್ಟಿನ ನನ್ನ ಈಗಿನ ಹಾಸ್ಟೆಲ್ಲಿಗೆ ಕಾಗದ ಬರೆ. ಬೇಗ ಬರೆ.