ಗಜಾಲಾ ಆದ ಮೇಲಿನ ಹೆಸರು

ಅಪ್ಪಾ,

ಈ ಕಾಗದ ರುಮಾಹ್‌ನ ಮೇವಿನ ಅಂಗಡಿಯಲ್ಲಿ ನಿನ್ನ ಕೈ ಸೇರುತ್ತದೆ. ಅಲ್ಲೇ ಎಲ್ಲರೆದುರು ನಿಂತು ಓದಬೇಡ. ಬಾರ್ಲಿ ಮೂಟೆ ಹೇರಿಸಿ ಮುಗಿಯಲಿ, ಆಮೇಲೆ ಗಾಡಿಯೊಳಗೆ ಕೂತು ಬೆರಳಿಟ್ಟು ನಿಧಾನವಾಗಿ ಓದು. ಅಕ್ಷರ ದೊಡ್ಡದಾಗಿಯೇ ಬರೆದಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ನೀನು ಬಿಡುವುದಿಲ್ಲ. ನಾನು ಬಾಯಿ ತೆಗೆಯುವಷ್ಟರಲ್ಲಿ "ಊಟ ಆಯ್ತಾ? ರಿಯಾದ್‌ನಲ್ಲಿ ಚಳಿ ಶುರುವಾಯ್ತಾ?" ಅಂತ ಮಾತು ತಿರುಗಿಸುತ್ತೀಯ. ನನ್ನ ಮರ್ಯಾದೆ ಉಳಿಸುವುದಕ್ಕೇ ಹಾಗೆ ಮಾಡುತ್ತೀಯ ಅಂತ ಗೊತ್ತು. ಅದನ್ನೇ ನನಗೆ ತಡೆದುಕೊಳ್ಳಲಾಗುತ್ತಿಲ್ಲ.

ನಾನು ಸೇರಿಕೊಂಡ ಗುಂಪಿನ ವಿಷಯ ನಿನಗೆ ಹೇಳಿರಲಿಲ್ಲ. ಕಲಿಸುವವಳೂ ಸೇರಿ ಎಂಟು ಹೆಂಗಸರು, ಎಂಟು ಗಾಡಿ. ಶನಿವಾರ ಬೆಳಿಗ್ಗೆ ಊರ ಹೊರಗಿನ ಮರಳುದಿಬ್ಬಗಳಲ್ಲಿ ಗಾಡಿ ಓಡಿಸುವುದನ್ನು ಕಲಿಯುತ್ತೇವೆ. ಕಲಿಸುವವಳು ಲಮ್ಯಾ, ಜೆದ್ದಾದವಳು, ಗಟ್ಟಿ ಗಂಟಲಿನವಳು. ನಾವೆಲ್ಲ ಅವಳನ್ನು ಕ್ಯಾಪ್ಟನ್ ಅನ್ನುತ್ತೇವೆ. ನನ್ನನ್ನು ಸೇರಿಸಿದವಳು ದಾನಿಯಾ, ನಮ್ಮ ಆಸ್ಪತ್ರೆಯ ಹಲ್ಲಿನ ಡಾಕ್ಟರು. ಅವರ ನಡುವೆ ನನ್ನ ಹೆಸರು ಮುನಾ. ಮುಜ್ನಾ ಅಂದರೆ ಗುಡಾರದ ವಾಸನೆ ಬರುತ್ತದೆಂದು ನಾನೇ ಕತ್ತರಿಸಿಕೊಂಡೆ. ಆ ಮುನಾಳ ಅಪ್ಪನಿಗೆ ದೀರಾ ಪೇಟೆಯಲ್ಲಿ ಅತ್ತರಿನ ಅಂಗಡಿ ಇದೆ. ಹೌದು ಅಪ್ಪಾ, ಹಾಗೇ ಹೇಳಿದ್ದೆ. ಹೇಳುವಾಗ ನಾಲಿಗೆ ಒಂದಿಷ್ಟೂ ತೊದಲಿರಲಿಲ್ಲ.

ಹನ್ನೆರಡು ವರ್ಷದ ನನ್ನನ್ನು ಓದಲೆಂದು ರಿಯಾದ್‌ನ ಚಿಕ್ಕಮ್ಮನ ಮನೆಗೆ ಕಳಿಸಿದೆಯಲ್ಲ, ಮೊದಲ ವಾರವೇ ಪಕ್ಕದ ಹುಡುಗಿ ಮೂಗು ಮುಚ್ಚಿಕೊಂಡು "ಒಂಟೆ ಬಂತು, ಜರುಗ್ರೇ" ಅಂದಿದ್ದಳು. ಇಡೀ ತರಗತಿ ನಕ್ಕಿತ್ತು. ನಿನ್ನ ಹತ್ತಿರ ಹೇಳಲಿಲ್ಲ. ಅಂದಿನಿಂದ ಮುಚ್ಚಿಡುವುದು ಅಭ್ಯಾಸವಾಯಿತು. ಇದನ್ನು ನೆಪವಾಗಿ ಬರೆಯುತ್ತಿಲ್ಲ. ಆ ಹುಡುಗಿಗೆ ಹನ್ನೆರಡು ವರ್ಷ, ನನಗೀಗ ಮೂವತ್ತೊಂದು.

ಗುಂಪಿಗೆ ಸೇರಿದ ದಿನ ಲಮ್ಯಾ ಕೇಳಿದಳು: "ಮರಳಲ್ಲಿ ಮುಂಚೆ ಯಾರಾದ್ರೂ ಓಡಿಸಿದ್ದೀರೇನ್ರೇ?" ಆರು ತಲೆ ಇಲ್ಲವೆಂದವು. ಏಳನೆಯದು ನನ್ನದು, ಅದೂ ಇಲ್ಲವೆಂದಿತು. ಹೌದೆಂದರೆ ಎಲ್ಲಿ, ಯಾರು ಕಲಿಸಿದರು ಎಂಬ ಪ್ರಶ್ನೆ ಬರುತ್ತಿತ್ತು. ರಿಯಾದ್‌ನ ಹೆಂಗಸರ ಕೈಗೆ ಸ್ಟೇರಿಂಗ್ ಬಂದು ಇನ್ನೂ ಕೆಲವೇ ವರ್ಷ. ಅದಕ್ಕೆಷ್ಟೋ ಮುಂಚೆ, ಹನ್ನೊಂದನೆಯ ವಯಸ್ಸಿನಲ್ಲೇ ಪಿಕಪ್ ಓಡಿಸಿದವಳೆಂದರೆ ಗುಡಾರದವಳಲ್ಲದೆ ಮತ್ತಿನ್ಯಾರು?

ನಿನಗೆ ನೆನಪಿದೆ. ಹಮ್ರಾ ಒಂಟೆ ಒದ್ದು ನಿನ್ನ ಬಲಗೈ ಮುರಿದಿತ್ತು. ಒಂಟೆಗಳಿಗೆ ನೀರು ತರಬೇಕಿತ್ತು, ಅಮ್ಮನಿಗೆ ಬಾಣಂತನ. ಎರಡು ಅಕ್ಕಿ ಚೀಲ ಮಡಚಿ ನನ್ನ ಕೆಳಗೆ ಹಾಕಿ, ಮುರಿದ ಕೈ ಕೊರಳಿಗೆ ಕಟ್ಟಿಕೊಂಡು ಪಕ್ಕದಲ್ಲಿ ಕೂತೆ. "ಬ್ರೇಕ್ ಮರೆತುಬಿಡು ಮುಜ್ನಾ. ದಿಬ್ಬದ ನೆತ್ತಿ ಮೇಲೆ ಬ್ರೇಕ್ ಒತ್ತಿದ್ರೆ ಅಲ್ಲೇ ಹೂತ್ಕೋತೀಯ. ಕಾಲು ತೆಗಿ, ಗಾಡೀನೇ ನಿಲ್ಲುತ್ತೆ." ಗಾಳಿ ಅಪ್ಪಳಿಸುವ ಮಗ್ಗುಲು ಗಟ್ಟಿ, ಆಚೆ ಮಗ್ಗುಲು ಮೆತ್ತಗೆ, ಬೆಳಿಗ್ಗೆಯ ಮರಳು ಮಧ್ಯಾಹ್ನದ್ದಲ್ಲ ಎಂದು ಬಣ್ಣ ತೋರಿಸಿ ಹೇಳಿದೆ. ಗಾಡಿ ನೀರಿನ ಹತ್ತಿರ ಮುಟ್ಟಿದಾಗ ನೀನು ನನ್ನ ನೆತ್ತಿಗೆ ಮುತ್ತಿಟ್ಟೆ.

ಮರಳಲ್ಲಿ ಹೂಳದಂತೆ ಚಕ್ರದ ಗಾಳಿ ಇಳಿಸುವುದನ್ನು ಕಲಿಸಿದ್ದೂ ಅಂದೇ. ಲಮ್ಯಾ ಅದಕ್ಕೆ ಮೀಟರು ಹಚ್ಚುತ್ತಾಳೆ. ನಿನ್ನ ಹತ್ತಿರ ಇದ್ದದ್ದು ಒಂದು ಜಾಲಿ ಮುಳ್ಳು. ಅದನ್ನು ಗಾಳಿಯ ಬಾಯಿಗೆ ಒತ್ತಿ ಹಿಡಿದು ನಿನ್ನ ಒಂಟೆಗಳ ಹೆಸರು ಹೇಳಬೇಕು. ಹಮ್ರಾ, ಸಫ್ರಾ, ಮಲ್ಹಾ ಎಂದು ಶುರುವಾಗಿ ಇಪ್ಪತ್ತಮೂರನೆಯದು ಗಜಾಲಾ. ಪಟ್ಟಿ ಮುಗಿಯುವಷ್ಟು ಹೊತ್ತು ಒಂದು ಚಕ್ರಕ್ಕೆ. ಗಜಾಲಾ ಆದ ಮೇಲೆ ನೀನು ನನ್ನತ್ತ ಓರೆಗಣ್ಣಲ್ಲಿ ನೋಡಿ "ಮುಜ್ನಾ" ಅಂದು ಮುಳ್ಳು ತೆಗೆದೆ. "ನಾನೇನು ಒಂಟೇನಾ?" ಅಂತ ನಾನು ಸಿಡುಕಿದರೆ "ಎಲ್ಲಕ್ಕಿಂತ ಮೊಂಡು ಒಂಟೆ" ಅಂದು ನಕ್ಕೆ. ಆ ಒಂಟೆಗಳಲ್ಲಿ ಅರ್ಧಕ್ಕರ್ಧ ಈಗ ಸತ್ತಿವೆ. ಪಟ್ಟಿ ಮಾತ್ರ ನೀನು ಬದಲಿಸಲಿಲ್ಲ, ಕೊನೆಗೆ ನನ್ನ ಹೆಸರು ಸೇರಿಸುವುದನ್ನೂ ಬಿಡಲಿಲ್ಲ. ಚಕ್ರದ ಅಳತೆ ಅದಕ್ಕೇ ಕೂತಿದೆ ಅನ್ನುತ್ತಿದ್ದೆ.

ಮೂರು ವಾರದ ಹಿಂದೆ, ನಾವು ಹೋಗುವ ಕಡೆ ಜನ ಜಾತ್ರೆಯಂತೆ ಸೇರಿದ್ದಾರೆಂದು ಲಮ್ಯಾ ದಾರಿ ಬದಲಿಸಿ ದಹ್ನಾ ಮರಳುಗಾಡಿನ ಕಡೆ ತಿರುಗಿಸಿದಳು. ಎಲ್ಲಿಗೆ ಹೋಗುತ್ತಿದ್ದೇವೆಂದು ನನಗೆ ಹೊಳೆಯುವ ಹೊತ್ತಿಗೆ ಟಾರು ರಸ್ತೆ ಬಿಟ್ಟಾಗಿತ್ತು. ಗಾಬರಿಯಲ್ಲಿ ನನ್ನ ಚಕ್ರಗಳ ಗಾಳಿಯನ್ನೂ ಅರ್ಧಂಬರ್ಧ ಇಳಿಸಿದೆ. ಒಂದು ದೊಡ್ಡ ದಿಬ್ಬ ಹತ್ತಿ ನೆತ್ತಿ ಮುಟ್ಟಿದಾಗ ಎದುರಿಗೇ ನಿನ್ನ ಕಪ್ಪು ಗುಡಾರ, ನೀಲಿ ನೀರಿನ ಟ್ಯಾಂಕು. ಲಮ್ಯಾಳ ಗಾಡಿ ನೆಟ್ಟಗೆ ಅತ್ತಲೇ ಇಳಿಯುತ್ತಿತ್ತು. ಹೇಗಾದರೂ ಎಲ್ಲರನ್ನೂ ತಡೆಯಬೇಕೆನ್ನಿಸಿ ನೆತ್ತಿಯ ಮೇಲೆ ಬ್ರೇಕ್ ತುಳಿದೆ. ಗಾಡಿ ಅಡ್ಡವಾಗಿ ಜಾರಿ ಕೆಳಗಿನ ಮರಳುಗುಂಡಿಯಲ್ಲಿ ಹೊಟ್ಟೆಮಟ್ಟ ಹೂತುಹೋಯಿತು. ನೀನು ಹೇಳಿದ್ದ ಹಾಗೇ ಆಯಿತು.

ಸಲಿಕೆ ಹಾಕಿದರು, ಹಲಗೆ ಇಟ್ಟರು, ಹಗ್ಗ ಕಟ್ಟಿ ಎಳೆದರು. ದಾನಿಯಾಳ ಗಾಡಿಯೂ ಅರ್ಧ ಹೂತುಕೊಂಡಿತು. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ನಿನ್ನ ಹಳೆಯ ಪಿಕಪ್ಪಿನ ಸದ್ದು ಕೇಳಿಸಿತು. ದೂರದಿಂದಲೇ ನೋಡಿ ಬಂದಿದ್ದೆ. ಇಳಿದವನೇ "ಸಲಾಂ ಅಲೈಕುಂ ಮಕ್ಕಳೇ. ಮರಳಿಗೆ ಊಟ ಹಾಕ್ತಿದ್ದೀರೇನು?" ಅಂದೆ. ಎಲ್ಲರೂ ನಕ್ಕರು. ಆಗ ನನ್ನ ಕಡೆ ತಿರುಗಿದೆ.

ಕರಿ ಕನ್ನಡಕವಿದ್ದರೇನು, ಟೋಪಿಯಿದ್ದರೇನು, ನೀನು ಗುರುತು ಹಿಡಿದೆ. ಮುಖ ಅರಳಿತು. ಬಾಯಿ ತೆರೆದೆ. ನೀನು ಕರೆಯುವ ಮುಂಚೆ ನಾನು ಮಾತಾಡಿಬಿಟ್ಟೆ:

"ಚಿಕ್ಕಪ್ಪಾ, ಸ್ವಲ್ಪ ಸಹಾಯ ಮಾಡ್ತೀರಾ?"

ಅಪ್ಪಾ ಅನ್ನಬೇಕಾದವನನ್ನು, ದಾರಿಯಲ್ಲಿ ಸಿಕ್ಕ ಯಾವ ಮುದುಕನನ್ನಾದರೂ ಕರೆಯುವ ಹಾಗೆ ಚಿಕ್ಕಪ್ಪ ಅಂದೆ. ನಿನ್ನ ತೆರೆದ ಬಾಯಿ ಹಾಗೇ ಒಂದು ಗಳಿಗೆ ನಿಂತಿತು. ಆಮೇಲೆ ತಲೆವಸ್ತ್ರ ಸರಿಮಾಡಿಕೊಂಡು "ಆಗಲಿ ತಾಯೀ, ನೀವು ಪಕ್ಕಕ್ಕೆ ನಿಂತ್ಕೊಳ್ಳಿ" ಅಂದೆ. ನೀವು. ಪರರ ಮನೆಯ ಹೆಣ್ಣಿಗೆ ಹೇಳುವ ಹಾಗೆ.

"ಹೊಸಬಳು ಚಿಕ್ಕಪ್ಪಾ, ಬೈಬೇಡಿ ಪಾಪ," ಅಂದಳು ಲಮ್ಯಾ. ನೀನು ಚಕ್ರ ನೋಡುತ್ತಾ, ನನ್ನ ಕಡೆ ತಿರುಗದೆ ಕೇಳಿದೆ: "ಗಾಡಿ ಯಾರು ಕಲಿಸಿದ್ರು ನಿಮಗೆ?"

ನಾನು ಹೇಳಿದೆ: "ಇವರೇ ಕಲಿಸ್ತಿರೋದು. ಇದಕ್ಕೆ ಮುಂಚೆ ಯಾರೂ ಕಲಿಸಿರಲಿಲ್ಲ."

ಆ ಪ್ರಶ್ನೆ ಯಾಕೆ ಕೇಳಿದೆ ಅಪ್ಪಾ? ಚುಚ್ಚುವುದಕ್ಕೋ, ಇನ್ನೊಂದು ಸಲ ಬಾಗಿಲು ತೆರೆದು ಕೊಡುವುದಕ್ಕೋ? ಮೂರು ವಾರದಿಂದ ಇದನ್ನೇ ಯೋಚಿಸುತ್ತಿದ್ದೇನೆ. ನಿನ್ನನ್ನು ಬಲ್ಲೆ, ಬಾಗಿಲು ತೆರೆಯುವುದಕ್ಕೇ ಇರಬೇಕು. "ಇರಲಿ, ಎಲ್ಲರೂ ಒಂದು ದಿನ ಹೊಸಬರೇ," ಅಂದೆ. ನಿನಗೆ ಅಕ್ಷರ ಕಲಿಸಿದ್ದು ನಾನು. ರಜೆಗೆ ಬಂದಾಗ, ಒಂಟೆಗಳು ನೀರು ಕುಡಿಯುವಾಗ ಮರಳಿನ ಮೇಲೆ ಬೆರಳಿಂದ ಬರೆಸಿದ್ದೆ. ಅದನ್ನು ನೀನು ಮೇವಿನ ಅಂಗಡಿಯಲ್ಲಿ, ಮದುವೆ ಮನೆಗಳಲ್ಲಿ ಇವತ್ತಿಗೂ ಹೇಳಿಕೊಂಡು ತಿರುಗುತ್ತೀಯ: "ನನಗೆ ಓದು ಕಲಿಸಿದೋಳು ನನ್ನ ಮಗಳು." ನಾನೋ, ನಿನ್ನೆದುರಿಗೇ ನಿಂತು ಯಾರೂ ಕಲಿಸಿಲ್ಲ ಅಂದೆ.

ನೀನು ತಲೆವಸ್ತ್ರದ ಮಡಿಕೆಯಿಂದ ಮುಳ್ಳು ತೆಗೆದು ಮೊದಲ ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಗಾಳಿ ಸುಯ್ಯೆಂದಿತು. ತುಟಿ ಆಡತೊಡಗಿದವು. "ದುವಾ ಓದ್ತಿದ್ದಾರೆ ಕಣ್ರೇ, ಸುಮ್ನಿರಿ," ಅಂತ ದಾನಿಯಾ ಪಿಸುಗುಟ್ಟಿದಳು. ಎಲ್ಲರೂ ಭಕ್ತಿಯಿಂದ ಸುಮ್ಮನಾದರು. ನನಗೊಬ್ಬಳಿಗೆ ಗೊತ್ತಿತ್ತು. ಹಮ್ರಾ, ಸಫ್ರಾ, ಮಲ್ಹಾ. ನಿನ್ನ ತುಟಿಯ ಜೊತೆ ನಾನೂ ಮನಸ್ಸಿನಲ್ಲೇ ಎಣಿಸುತ್ತಾ ಹೋದೆ. ಗಜಾಲಾ ಬಂತು. ನೀನು ಮುಳ್ಳು ತೆಗೆದೆ.

ಎರಡನೆಯ ಚಕ್ರಕ್ಕಾದರೂ ಹೇಳುತ್ತೀಯೇನೋ ಎಂದು ಕಾದೆ. ಇಲ್ಲ. ಮೂರನೆಯದಕ್ಕೂ ಇಲ್ಲ. ನಾಲ್ಕು ಚಕ್ರಕ್ಕೂ ಗಜಾಲಾ ಆದೊಡನೆ ತುಟಿ ಮುಚ್ಚಿದವು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಎಲ್ಲರೆದುರು ನನ್ನ ಕಪಾಳಕ್ಕೆ ಎರಡು ಬಿಗಿದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ಆಮೇಲೆ ನೀನು ಹೇಳಿದಂತೆ ಸ್ಟೇರಿಂಗ್ ನೆಟ್ಟಗೆ ಹಿಡಿದು ಹಿಂದಕ್ಕೆ ಬಿಟ್ಟೆ. ಇಷ್ಟು ದಿನ ಬೇಕೆಂದೇ ತಪ್ಪಾಗಿ ಓಡಿಸುತ್ತಿದ್ದದ್ದು ಕಾಲಿಗೆ ಮರೆತುಹೋಯಿತು. ಒಂದೇ ಏಟಿಗೆ ಗಾಡಿ ಮೇಲೆ ಬಂತು. "ಅಬ್ಬಾ ಮುನಾ, ಎಷ್ಟು ಬೇಗ ಕಲಿತೆ!" ಎಂದು ಚಪ್ಪಾಳೆ ತಟ್ಟಿದರು. ನೀನು ದಾನಿಯಾಳ ಗಾಡಿಯನ್ನೂ ಎಳೆದುಕೊಟ್ಟು, ಅವರು ಕೊಟ್ಟ ಕಾಫಿ ನಿಂತೇ ಕುಡಿದು, ಹಿಂತಿರುಗಿ ನೋಡದೆ ಹೋದೆ.

ಅಷ್ಟಕ್ಕೇ ಮುಗಿದಿದ್ದರೆ ಆ ವಾರವೇ ಓಡಿ ಬಂದು ಕಾಲು ಹಿಡಿಯುತ್ತಿದ್ದೆನೇನೋ. ಮರುದಿನ ನೀನೇ ಫೋನು ಮಾಡಿದೆ. ಏನೂ ನಡೆದಿಲ್ಲವೆಂಬಂಥ ದನಿ. "ನಿನ್ನೆ ನಮ್ಮ ಕಡೆ ರಿಯಾದ್‌ನ ಹೆಣ್ಮಕ್ಕಳು ಸಿಕ್ಕಿಹಾಕ್ಕೊಂಡಿದ್ರು. ಒಳ್ಳೆ ಮಕ್ಕಳು. ಒಬ್ಬಳಿಗೆ ಪಾಪ ಏನೂ ಗೊತ್ತಿರಲಿಲ್ಲ. ಕಲೀತಾಳೆ ಬಿಡು." ನನ್ನ ಸುಳ್ಳನ್ನು ನನ್ನಿಂದಲೇ ಮುಚ್ಚಿಟ್ಟೆ. ನಾನೇನಂದೆ ಗೊತ್ತಲ್ಲ? "ಹೌದಾ ಅಪ್ಪಾ?" ಅಂದೆ. ಥೂ, ನನ್ನ ಜನ್ಮಕ್ಕಿಷ್ಟು. ಫೋನಿಟ್ಟ ಮೇಲೆ ಕನ್ನಡಿಯಲ್ಲಿ ನನ್ನ ಮುಖ ನಾನೇ ನೋಡಿಕೊಳ್ಳಲಾಗಲಿಲ್ಲ.

ಮೊನ್ನೆ ಶನಿವಾರ ಎಲ್ಲರಿಗೂ ಹೇಳಿದೆ. ಹೆಸರು, ಗುಡಾರ, ಇಲ್ಲದ ಅತ್ತರಿನ ಅಂಗಡಿ, ಎಲ್ಲ. ಲಮ್ಯಾ "ಎಲಾ ಕಳ್ಳೀ! ಹನ್ನೊಂದು ವರ್ಷಕ್ಕೇ ಓಡಿಸ್ದೋಳಿಗೆ ನಾನು ನಾಲ್ಕು ತಿಂಗಳು ಪಾಠ ಹೇಳಿದ್ನಲ್ಲೇ!" ಎಂದು ತಲೆ ಚಚ್ಚಿಕೊಂಡಳು. ದಾನಿಯಾ ನಗಲಿಲ್ಲ. ಕೇಳಿದಳು: "ನಿನ್ನ ಅಪ್ಪನ್ನ ನೋಡಿ ನಗೋರು ಅಂತ ತಿಳ್ಕೊಂಡಿದ್ಯಾ ನಮ್ಮನ್ನ? ಅಷ್ಟು ಕೀಳು ಜನಾನಾ ನಾವು?" ಅವಳು ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. ಆದರೂ ಬರುತ್ತೇನೆ ಅಂದಿದ್ದಾಳೆ.

ಈ ಶನಿವಾರ ಎಂಟೂ ಗಾಡಿ ನಿನ್ನ ಕಡೆ ಬರುತ್ತವೆ. ಎಲ್ಲಕ್ಕಿಂತ ಮುಂದಿನದು ನನ್ನದು. ಟಾರು ರಸ್ತೆ ಮುಗಿಯುವಲ್ಲಿ ಒಂಟಿ ಜಾಲಿ ಮರವಿದೆಯಲ್ಲ, ಅದರ ಕೆಳಗೆ ಗಾಳಿ ಇಳಿಸದೆ ಕಾಯುತ್ತೇವೆ. ಮನಸ್ಸು ಒಪ್ಪಿದರೆ ನಿನ್ನ ಮುಳ್ಳು ತೆಗೆದುಕೊಂಡು ಬಾ. ಈ ಸಲ ಬಾಯೊಳಗೇ ಹೇಳಬೇಡ, ಅವರಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಹೇಳು.

ನೀನು ಬರದಿದ್ದರೆ ತಪ್ಪೆನ್ನುವುದಿಲ್ಲ. ಅದೇ ಮರದ ಮುಳ್ಳು ಮುರಿದುಕೊಂಡು ನಾನೇ ಮಂಡಿಯೂರುತ್ತೇನೆ. ಹಮ್ರಾಳಿಂದ ಶುರುಮಾಡಿ ಎಲ್ಲರೆದುರು ಗಟ್ಟಿಯಾಗಿ ಹೇಳುತ್ತೇನೆ. ಇಪ್ಪತ್ತಮೂರೂ ನನಗೆ ಬಾಯಿಪಾಠ, ಒಂದೂ ಮರೆತಿಲ್ಲ. ಗಜಾಲಾ ಆದೊಡನೆ ಮುಳ್ಳು ತೆಗೆದುಬಿಡುತ್ತೇನೆ. ಅದರ ಮುಂದಿನ ಹೆಸರನ್ನು ನಾನೇ ಹೇಳಿಕೊಳ್ಳುವ ಹಾಗಿಲ್ಲ.

ನಿನ್ನ ಗುಡಾರದ ಮೇಲೆ ಹೊತ್ತಿಗೆ ಸರಿಯಾಗಿ ಮಳೆ ಬೀಳಲಿ, ನಿನ್ನ ಮಂದೆ ಹೊಟ್ಟೆ ತುಂಬ ಮೇಯಲಿ, ದೇವರು ನಿನ್ನನ್ನು ನನ್ನ ತಲೆಯ ಮೇಲೆ ಬಹುಕಾಲ ಇಟ್ಟಿರಲಿ.

ನಿನ್ನ ಕೈಯಲ್ಲಿ ಗಾಡಿ ಕಲಿತ
ಮುಜ್ನಾ